ಹನ್ನೆರಡನೇ ಪುಟ

"ಆ ಮೂಲೇಲಿ ಮೇಜು ಹಾಕ್ಬೇಡಿ ಮೇಡಂ. ಎತ್ಸಿ."

ಧನುಶ್ರೀ ತಲೆ ಎತ್ತಿ ನೋಡಿದಳು. ಕಪ್ಪು ಪ್ಯಾಂಟು, ಗರಿಮುರಿ ಬಿಳಿ ಅಂಗಿ, ಎದೆಯ ಮೇಲೆ ಹಿತ್ತಾಳೆಯ ಹೆಸರುಪಟ್ಟಿ. ಮುನಿಕೃಷ್ಣ, ಬ್ಯಾಂಕ್ವೆಟ್ ಕ್ಯಾಪ್ಟನ್. ಔತಣದಲ್ಲಿ ಬಡಿಸುವವರಿಗೆಲ್ಲ ಮೇಲಿನವನು. ವಯಸ್ಸು ಮೂವತ್ತರ ಹತ್ತಿರವಿರಬೇಕು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಹೇಳಿದ ಮೇಲೆ ಆಗಲೇಬೇಕು ಎನ್ನುವ ಗಟ್ಟಿತನವಿತ್ತು.

ನಂದಗುಡಿಯ ಆಚೆ, ನೀಲಗಿರಿ ತೋಪಿನ ಪಕ್ಕದ 'ತೋಪಿನಮನೆ' ರೆಸಾರ್ಟಿಗೆ ಅವಳು ಬಂದು ಐದನೇ ದಿನ. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿಯ ಕೊನೆಯ ಆರು ತಿಂಗಳ ಟ್ರೈನಿಂಗು. ಆ ಸಂಜೆ ಹುಲ್ಲುಹಾಸಿನ ಮೇಲೆ ಒಂದು ಆರತಕ್ಷತೆ. ಮಧ್ಯಾಹ್ನದಿಂದ ಬಗ್ಗಿ ಬಗ್ಗಿ ಹದಿನಾಲ್ಕು ಮೇಜು ಜೋಡಿಸಿದ್ದಳು. ಕಾಲೇಜಿನಲ್ಲಿ ಕಲಿಸಿದಂತೆ ಹೆಬ್ಬೆರಳಿನ ಒಂದು ಗೆಣ್ಣು ಅಳತೆ ಇಟ್ಟು ಚಮಚ, ಫೋರ್ಕುಗಳನ್ನು ಸಾಲಾಗಿಸಿದ್ದಳು.

"ಪ್ಲಾನಲ್ಲಿ ಇಲ್ಲೇ ಇದೆ ಸರ್. ಮ್ಯಾನೇಜರ್ ಸೈನ್ ಹಾಕಿದಾರೆ," ಎಂದು ಹಾಳೆ ಮುಂದೆ ಹಿಡಿದಳು.

ಅವನು ಹಾಳೆಯತ್ತ ನೋಡಲೇ ಇಲ್ಲ. "ಕನ್ನಡಕ ಮರ್ತು ಬಂದಿದೀನಿ," ಎಂದ.

ನಾಲ್ಕು ವರ್ಷ ಓದಿದವಳಿಗೆ ಸ್ವಲ್ಪ ಬಿಗುಮಾನವಿತ್ತು. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಕೋಟು ಹಾಕಿಕೊಂಡು ಕಾಲೇಜಿಗೆ ಹೋದ ಮೊದಲ ಹುಡುಗಿ ಅವಳು. ಮೇಜು ಎತ್ತಿಸಲಿಲ್ಲ. ಅವನೂ ಎರಡನೇ ಸಲ ಹೇಳಲಿಲ್ಲ. ಒಮ್ಮೆ ನೆಲವನ್ನು, ಒಮ್ಮೆ ಅವಳನ್ನು ನೋಡಿ ಹೊರಟುಹೋದ.

ಸಂಜೆ ಏಳರ ಹೊತ್ತಿಗೆ ಜನ ತುಂಬಿದರು. ಆ ಮೂಲೆಯ ಮೇಜಿಗೆ ವಧುವಿನ ಅಜ್ಜಿ ಬಂದು ಕೂತರು. ಕೂತ ಐದು ನಿಮಿಷಕ್ಕೆ ಕುರ್ಚಿಯ ಹಿಂದಿನ ಕಾಲು ಹುಲ್ಲಿನೊಳಕ್ಕೆ ಇಳಿಯತೊಡಗಿತು. ಧನುಶ್ರೀ ದೂರದಿಂದ ನೋಡಿ ಅತ್ತ ಓಡತೊಡಗಿದಳು.

ಕುರ್ಚಿ ಹಿಂದಕ್ಕೆ ವಾಲಿತು. ವಾಲಿದ್ದು ಮುನಿಕೃಷ್ಣನ ಎರಡು ಕೈಗಳ ಮೇಲೆ. ಅಜ್ಜಿ ಕೂತಾಗಿನಿಂದ ಅವನು ಅಲ್ಲೇ, ಆ ಕುರ್ಚಿಯ ಹಿಂದೆಯೇ ನಿಂತಿದ್ದನೆಂಬುದು ಅವಳಿಗೆ ಆಗ ಹೊಳೆಯಿತು. "ಈ ಕಡೆ ಗಾಳಿ ಚೆನ್ನಾಗೈತೆ, ಬನ್ನಿ ಅಜ್ಜಿ," ಎಂದು ಅಜ್ಜಿಯನ್ನು ಬೇರೆಡೆಗೆ ಕರೆದೊಯ್ದು ಕೂರಿಸಿದ. ಫೋಟೋದವರಿಗೆ ಜಾಗ ಬೇಕು ಎನ್ನುವ ನೆಪ ಹೇಳಿ ಆ ಮೂಲೆಯ ಮೇಜುಗಳನ್ನೂ ಒಂದೊಂದಾಗಿ ಸರಿಸಿದ. ಬಂದವರಲ್ಲಿ ಒಬ್ಬರಿಗೂ ಏನಾಯಿತೆಂದು ತಿಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ಅವಳೇ ಹೋಗಿ ಕೇಳಿದಳು. "ನಿಮಗೆ ಹೇಗೆ ಗೊತ್ತಿತ್ತು?"

"ಇದು ನಮ್ಮ ಹೊಲ," ಎಂದ ಅವನು. "ಆ ಮೂಲೇಲಿ ನಮ್ಮಪ್ಪ ರಾಗಿ ಪೈರಿಗೆ ಒಟ್ಲು ಹಾಕ್ತಿದ್ದ. ಮಳೆ ನಿಂತು ಎರಡು ದಿನ ಆದ್ಮೇಲೂ ಅಲ್ಲಿ ನೀರು ಕೆಳಗಿಂದ ಉಕ್ತದೆ."

ನಾಟಿಗೆ ಸಸಿ ಬೆಳೆಸುವ ಪಾತಿಯಿದ್ದ ಜಾಗದಲ್ಲಿ ಅವಳು ಗೆಣ್ಣಳತೆಯಲ್ಲಿ ಫೋರ್ಕು ಜೋಡಿಸಿದ್ದಳು. ಅವನು ಬೈದಿದ್ದರೆ ವಾಸಿಯಿತ್ತು ಅನ್ನಿಸಿತು...

*

ರೆಸಾರ್ಟಿಗಾಗಿ ಜಮೀನು ಬರೆದುಕೊಟ್ಟ ಮನೆಗೊಂದು ಕೆಲಸ ಎಂದು ಮಾತಾಗಿತ್ತಂತೆ. ಹಾಗೆ ಹತ್ತೊಂಬತ್ತನೇ ವಯಸ್ಸಿಗೆ ಒಳಗೆ ಬಂದವನು ಮುನಿಕೃಷ್ಣ. ತಟ್ಟೆ ತೊಳೆದ, ನೀರು ಬಡಿಸಿದ, ಹನ್ನೊಂದು ವರ್ಷದಲ್ಲಿ ಕ್ಯಾಪ್ಟನ್ ಆದ. ಎಂಟುನೂರು ಜನದ ಊಟಕ್ಕೆ ಎಷ್ಟು ತಟ್ಟೆ ಬೇಕು, ಯಾವ ಮುಹೂರ್ತಕ್ಕೆ ಜನ ತಡವಾಗಿ ಬರುತ್ತಾರೆ, ಯಾವ ಬೀಗರು ಕೂರುವ ಮೊದಲೇ ಮುನಿಸಿಕೊಳ್ಳುತ್ತಾರೆ, ಎಲ್ಲ ಅವನ ತಲೆಯಲ್ಲಿತ್ತು.

ತಿಂಗಳು ಕಳೆಯುವುದರೊಳಗೆ ಧನುಶ್ರೀ ಒಂದು ವಿಷಯ ಗಮನಿಸಿದಳು. ಅವನು ದಿನವೂ ಕನ್ನಡಕ ಮರೆತು ಬರುತ್ತಿದ್ದ. ಅವನು ಕನ್ನಡಕ ಹಾಕಿದ್ದನ್ನು ಯಾರೂ ನೋಡಿರಲಿಲ್ಲ.

ಅಂದಿನಿಂದ ಅವಳು ಕಾರ್ಯಕ್ರಮದ ಹಾಳೆ ಬಂದೊಡನೆ ಅವನ ಪಕ್ಕ ನಿಂತು, ತನಗೆ ತಾನೇ ಓದಿಕೊಳ್ಳುವವಳಂತೆ ಗಟ್ಟಿಯಾಗಿ ಓದತೊಡಗಿದಳು. ಮೂರನೇ ದಿನ ಅವನು ನಕ್ಕುಬಿಟ್ಟ. ಪಂಪ್‌ಹೌಸಿನ ಹಿಂದಿನ ಹೊಂಗೆ ಮರದಡಿ, ಊಟದ ಬಿಡುವಿನಲ್ಲಿ, ತಾನಾಗಿಯೇ ಹೇಳಿದ. ಓದಿದ್ದು ಒಂಬತ್ತನೇ ಕ್ಲಾಸಿನವರೆಗೆ ಮಾತ್ರ. ಅಪ್ಪ ಮುನಿಸ್ವಾಮಿ ಹಾಸಿಗೆ ಹಿಡಿದ ವರ್ಷ ಶಾಲೆ ನಿಂತಿತು. ಕನ್ನಡ ಸಲೀಸು, ಇಂಗ್ಲಿಷ್ ಅಕ್ಷರ ಕಂಡರೆ ಕೈ ಬೆವರುತ್ತದೆ.

ಆಮೇಲೆ ಅದೇ ಮರದಡಿ ದಿನಕ್ಕೆ ಅರ್ಧ ಗಂಟೆ ಅವಳು ಕಲಿಸಿದಳು. ಅವನು ಕಲಿತ. ಅವನಿಂದ ಅವಳೂ ಕಲಿತಳು.

ಒಮ್ಮೆ ಇಬ್ಬರಿಗೂ ಜಗಳವಾಯಿತು. ಮೂರು ಗಂಟೆ ಹೊರಗಿದ್ದ ಕೋಳಿ ಕಬಾಬನ್ನು ಎಸೆಯಬೇಕು ಎಂದು ಅವಳು ಹಠ ಹಿಡಿದಳು. ವಾಸನೆ ನೋಡಿ, ಚೆನ್ನಾಗೇ ಇದೆ ಎಂದು ಅವನು. ಅವಳು ಥರ್ಮಾಮೀಟರ್ ಚುಚ್ಚಿ ತೋರಿಸಿದಳು.

"ಮೂಗಿಗೆ ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ," ಎಂದಳು.

ಅವನು ಕಬಾಬನ್ನು ಕಸದ ಬುಟ್ಟಿಗೆ ಸುರಿದ. ಸಂಜೆ ಬಂದು ಆ ಡಿಗ್ರಿಯ ಲೆಕ್ಕವನ್ನು ಇನ್ನೊಂದು ಸಲ ಹೇಳಿಕೊಡು ಎಂದ. 'ನೀವು' ಹೋಗಿ 'ನೀನು' ಬಂದಿದ್ದು ಅವತ್ತೇ. ಅವಳು ಮಾತ್ರ ಕೊನೆಯವರೆಗೂ 'ನೀವು' ಅನ್ನುವುದನ್ನು ಬಿಡಲಿಲ್ಲ.

ಅವರಿಬ್ಬರ ನಡುವೆ ಇನ್ನೊಂದು ಭಾಷೆಯೂ ಹುಟ್ಟಿತು.

ಪವರ್‌ಲೂಮು ಓಡುವ ಮನೆಯಲ್ಲಿ ಮಾತು ಕೇಳಿಸುವುದಿಲ್ಲ. ಹಾಗಾಗಿ ನೇಯುವವರು ಕೈಯಲ್ಲಿ ಮಾತಾಡುತ್ತಾರೆ. ಧನುಶ್ರೀ ಹಾಲು ಕುಡಿಯುವ ವಯಸ್ಸಿನಿಂದ ನೋಡಿದ ಮಾತು ಅದು. ಎರಡು ತೋರುಬೆರಳು ಕೂಡಿಸಿ ಸರಕ್ಕನೆ ಎಳೆದರೆ ಎಳೆ ಹರಿದಿದೆ ಎಂದು. ಹೆಬ್ಬೆರಳಿಗೆ ತೋರುಬೆರಳು ಹೊಸೆದರೆ ಕೆಚ್ಚು ಎಂದು. ಹರಿದ ಎಳೆಯ ಎರಡು ತುದಿ ಹೊಸೆದು ಕೂಡಿಸುವುದಕ್ಕೆ ಅವರ ಮನೆಯಲ್ಲಿ ಕೆಚ್ಚುವುದು ಎನ್ನುತ್ತಿದ್ದರು.

ಡಿಜೆಯ ಅಬ್ಬರದಲ್ಲಿ ಅವಳು ಒಮ್ಮೆ ಮರೆತು ಆ ಸನ್ನೆ ಮಾಡಿದಳು. ಅವನು ಅರ್ಥ ಕೇಳಿದ. ಮಾರನೇ ಮದುವೆಯಿಂದ ಅದು ಅವರ ಕೆಲಸದ ಮಾತಾಯಿತು. ಹುಲ್ಲುಹಾಸಿನ ಆ ಕೊನೆಯಿಂದ ಅವಳು ಎರಡು ಬೆರಳು ಎಳೆದು ತೋರಿಸಿದರೆ ಪಲಾವು ಮುಗಿದಿದೆ ಎಂದು. ಅವನು ಈ ಕೊನೆಯಲ್ಲಿ ಬೆರಳು ಹೊಸೆದರೆ ಕಳಿಸಿದ್ದೇನೆ ಎಂದು.

ಕೆಲವು ಸಲ ಏನೂ ಮುಗಿಯದಿದ್ದರೂ ಅವನು ದೂರದಿಂದ ಬೆರಳು ಹೊಸೆಯುತ್ತಿದ್ದ. ಅವಳು ಮುಖ ತಿರುಗಿಸಿಕೊಂಡು ನಗುತ್ತಿದ್ದಳು.

ಆಷಾಢಕ್ಕೆ ಬ್ಯಾಂಕ್ವೆಟ್ ಮ್ಯಾನೇಜರ್ ಗೋಪಾಲಪ್ಪನವರು ನಿವೃತ್ತರಾಗುವವರಿದ್ದರು. ಆ ಜಾಗ ಮುನಿಕೃಷ್ಣನಿಗೆ ಎಂದು ಅಡುಗೆಮನೆಯಿಂದ ಗೇಟಿನವರೆಗೂ ಎಲ್ಲರೂ ಹೇಳುತ್ತಿದ್ದರು.

"ಅದೊಂದು ಕೈಗೆ ಬರ್ಲಿ ಧನು," ಎಂದ ಅವನು, ಹೊಂಗೆ ಮರದಡಿ, ಅವಳ ಮುಖ ನೋಡದೆ. "ಆಮೇಲೆ ನಿಮ್ಮ ಮನೆಗೆ ಬರ್ತೀನಿ. ಕ್ಯಾಪ್ಟನ್ ಅಂತ ಬಂದ್ರೆ ನಿಮ್ಮಪ್ಪ ಹಡಗಿಂದೋ ಅಂತ ಕೇಳ್ತಾರೆ."

ಅವಳಿಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಬೆರಳು ಹೊಸೆದು ತೋರಿಸಿದಳು.

*

ಟ್ರೈನಿಂಗು ಮುಗಿಯುವಾಗ ಕಾಲೇಜಿಗೊಂದು ರಿಪೋರ್ಟು ಬರೆದುಕೊಡಬೇಕು. ಉಳಿದ ಹುಡುಗ ಹುಡುಗಿಯರು ಹಳೆಯ ರಿಪೋರ್ಟುಗಳನ್ನು ನೋಡಿ ಬರೆದರು. ಧನುಶ್ರೀ ಎರಡು ವಾರ ಕೂತು ತಾನೇ ಬರೆದಳು.

ಅದರ ಹನ್ನೆರಡನೇ ಪುಟ ಇಡೀ ಮುನಿಕೃಷ್ಣನದು. ನೆಲದ ಯಾವ ಭಾಗ ಭಾರ ತಾಳುತ್ತದೆ, ಎಂಟುನೂರು ಜನಕ್ಕೆ ಅವನು ತಟ್ಟೆ ಎಣಿಸುವ ರೀತಿ ಯಾವುದು, ಸಿಟ್ಟಾದ ಬೀಗರನ್ನು ಮೊದಲು ಎಲ್ಲಿ ಕೂರಿಸುತ್ತಾನೆ... ಬರೆಯುತ್ತ ಹೋದಂತೆ ಎದೆ ತುಂಬಿ ಬಂತು. ಕೊನೆಗೆ ಒಂದು ಸಾಲು ಸೇರಿಸಿದಳು. "ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಈ ವ್ಯಕ್ತಿಯಿಂದ ನಾನು ಕಲಿತದ್ದು ನಾಲ್ಕು ವರ್ಷದ ಓದಿಗೆ ಕಡಿಮೆಯದಲ್ಲ."

ಆ ಸಾಲಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಳು.

ಅವನಿಗೆ ತೋರಿಸಲಿಲ್ಲ. ಮ್ಯಾನೇಜರ್ ಆದ ದಿನ ತೋರಿಸೋಣ, ಆಶ್ಚರ್ಯಪಡಲಿ ಎಂದುಕೊಂಡಿದ್ದಳು.

ರಿಪೋರ್ಟಿಗೆ ರೆಸಾರ್ಟಿನ ಕಡೆಯಿಂದ ಸಹಿ ಬೇಕಿತ್ತು. ಆಡಳಿತ ಅಷ್ಟರಲ್ಲಿ ಹೊಸ ಕಂಪನಿಯೊಂದರ ಕೈಗೆ ಹೋಗಿತ್ತು. ಅವರ ಕಡೆಯಿಂದ ಬಂದ ಸುನಿಲ್‌ಕುಮಾರ್ ಎಂಬ ಅಧಿಕಾರಿ ಅವಳನ್ನು ಕರೆಸಿ ಕೂರಿಸಿ ಹೊಗಳಿದರು. ಇಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ, ಇದನ್ನೇ ನಮ್ಮ ಸಿಬ್ಬಂದಿಗೆ ಪಾಠವಾಗಿ ಇಡಬಹುದು ಎಂದರು. ನಂತರ ಹನ್ನೆರಡನೇ ಪುಟ ತೆರೆದರು.

"ಇದು ಖಚಿತಾನಾ? ಒಂಬತ್ತನೇ ಕ್ಲಾಸಾ?"

"ಹೌದು ಸರ್," ಎಂದಳು ಧನುಶ್ರೀ. ಹೆಮ್ಮೆಯಿಂದ ಹೇಳಿದಳು. "ಅವರೇ ಹೇಳಿದ್ದು."

ಸುನಿಲ್‌ಕುಮಾರ್ ಸಹಿ ಹಾಕಿ ಕೊಟ್ಟರು. ಅವಳು ಥ್ಯಾಂಕ್ಸ್ ಹೇಳಿ ಹೊರಗೆ ಬಂದಳು. ಅವತ್ತು ಬಿಸಿಲು ಚೆನ್ನಾಗಿತ್ತು.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹನ್ನೊಂದು ವರ್ಷದ ಹಿಂದೆ ಕೆಲಸಕ್ಕೆ ಸೇರಿಸುವಾಗ ಗೋಪಾಲಪ್ಪನವರು ಹುಡುಗನ ಫೈಲಿನಲ್ಲಿ 'ಎಸ್ಸೆಸ್ಸೆಲ್ಸಿ ಪಾಸ್' ಎಂದು ಬರೆದಿದ್ದರು. ಯಾರು ಕೇಳ್ತಾರೆ ಬಿಡೋ ಎಂದಿದ್ದರು. ಹನ್ನೊಂದು ವರ್ಷ ಯಾರೂ ಕೇಳಿರಲಿಲ್ಲ.

ಹೊಸ ಕಂಪನಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಕ್ಯಾಪ್ಟನ್ ಪಟ್ಟಿ ತೆಗೆದು ತೋಟದ ಕೆಲಸಕ್ಕೆ ಹಾಕಿತು. ಸುಳ್ಳು ದಾಖಲೆಗೆ ಇದು ಸಣ್ಣ ಶಿಕ್ಷೆ ಎಂದರಂತೆ.

ಅವಳಿಗೆ ತಿಳಿದು ಓಡಿ ಬಂದಾಗ ಅವನು ಹೊಂಗೆ ಮರದಡಿ ಯೂನಿಫಾರಮ್ಮು ಮಡಿಸುತ್ತಿದ್ದ. ಆಷಾಢದ ಗಾಳಿ ಬೀಸುತ್ತಿತ್ತು. ಮದುವೆಗಳಿಲ್ಲದ ಹುಲ್ಲುಹಾಸು ಖಾಲಿ ಬಿದ್ದಿತ್ತು.

"ಹನ್ನೊಂದು ವರ್ಷ ಕನ್ನಡಕ ಮರ್ತು ಬಂದಿದ್ದೆ ಮೇಡಂ," ಎಂದ. "ನೀವು ತಂದ್ಕೊಟ್ರಿ."

ಮೇಡಂ... 'ನೀನು' ಹೋಗಿ ಮತ್ತೆ 'ನೀವು' ಬಂದಿತ್ತು.

"ನಾನು... ಹೊಗಳಿ ಬರೆದಿದ್ದು. ದೇವರಾಣೆಗೂ ಹೊಗಳಿ ಬರೆದಿದ್ದು."

"ಗೊತ್ತು. ಬೈದು ಬರ್ದಿದ್ರೆ ಯಾರೂ ನಂಬ್ತಿರ್ಲಿಲ್ಲ." ಅಂಗಿಯ ತೋಳನ್ನು ಒಳಕ್ಕೆ ಮಡಚಿ, ಅದರ ಮೇಲೆ ಹೆಸರುಪಟ್ಟಿ ಇಟ್ಟ. "ಗೋಪಾಲಪ್ಪನೋರ ಜಾಗ ನಿಮಗಂತೆ. ಬೋರ್ಡಿಗೆ ಹಾಕವ್ರೆ. ಒಳ್ಳೇದು. ಓದಿದೋರಿಗೆ ಸಿಗ್ಬೇಕು."

ಅವಳಿಗೆ ಅದು ಗೊತ್ತೇ ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ. ಆ ಮೌನವನ್ನು ಅವನು ಬೇರೆಯಾಗಿ ಓದಿಕೊಂಡ. ಅದಕ್ಕಾಗಿಯೇ ಬರೆದಳು ಎಂದುಕೊಂಡ.

ಅವನು ಹೋಗುವಾಗ ಅವಳು ಎರಡೂ ಕೈ ಎತ್ತಿ, ಹೆಬ್ಬೆರಳಿಗೆ ತೋರುಬೆರಳು ಹೊಸೆದಳು. ಅವನು ಹಿಂತಿರುಗಿ ನೋಡಲಿಲ್ಲ. ತೋಟದ ಕೆಲಸಕ್ಕೂ ಬರಲಿಲ್ಲ.

*

ಆ ಹುದ್ದೆಯನ್ನು ಅವಳು ಬೇಡವೆನ್ನಲಿಲ್ಲ.

ಬೇಡವೆನ್ನಬೇಕೆಂದು ನಾಲ್ಕು ದಿನ ಅಂದುಕೊಂಡಳು. ಅಷ್ಟರಲ್ಲಿ ಅಪ್ಪ ರಾಮಲಿಂಗಯ್ಯ ಇಡೀ ಬೀದಿಗೆ ಹೇಳಿಬಿಟ್ಟಿದ್ದರು. ಅದು ನೆಪವೂ ಹೌದು. ನಿಜ ಹೇಳಬೇಕೆಂದರೆ ಅವಳಿಗೆ ಆ ಕೆಲಸ ಬೇಕೂ ಆಗಿತ್ತು. ಓದಿದ್ದು ಅದಕ್ಕೇ. ಬೇಕಾಗಿದ್ದು ಸಿಕ್ಕಿತು, ಸಿಕ್ಕ ದಿನದಿಂದ ಅದನ್ನು ಮುಟ್ಟಿದಾಗಲೆಲ್ಲ ಕೈ ಸುಟ್ಟಿತು. ಮದುವೆಯ ಮೇಲೆ ಮದುವೆ ಬಂದವು. ಒಟ್ಲು ಮೂಲೆಯಲ್ಲಿ ಅವಳು ಒಂದು ಸಲವೂ ಮೇಜು ಹಾಕಿಸಲಿಲ್ಲ.

ಶ್ರಾವಣದಲ್ಲಿ ಒಂದು ರಜೆಯ ದಿನ ಅವನ ಊರು ಹುಡುಕಿಕೊಂಡು ಹೋದಳು. ಶೀಟಿನ ಮನೆ, ಅಂಗಳದಲ್ಲಿ ಒಂದು ಸೀಮೆಹಸು. ಅವನಿರಲಿಲ್ಲ. ಮದುವೆ ಅಡುಗೆಯವರ ಜತೆ ಊರೂರು ಸುತ್ತುತ್ತಿದ್ದನಂತೆ. ಅವನ ತಾಯಿ ಪಾಪಕ್ಕ ಕೈ ತೊಳೆದು ಬಂದು, ಅವಳನ್ನು ಮೇಲಿಂದ ಕೆಳಗೆ ನೋಡಿ, ಜಗಲಿಯ ಮೇಲೆ ಚಾಪೆ ಹಾಸಿದರು.

ಧನುಶ್ರೀ ನಡೆದದ್ದನ್ನೆಲ್ಲ ಹೇಳಿದಳು. ಏನನ್ನೂ ಬಿಡಲಿಲ್ಲ. ಪಾಪಕ್ಕ ಬೈಯಲಿಲ್ಲ. ಮಜ್ಜಿಗೆ ತಂದುಕೊಟ್ಟರು.

"ಅವರಪ್ಪ ಹೊಲ ಬರ್ಕೊಡುವಾಗ ಹೆಬ್ಬೆಟ್ಟು ಒತ್ತಿದ್ದ ಕಣವ್ವ," ಎಂದರು. "ನಾನೂ ಒತ್ತಿದ್ದೆ. ಏನ್ ಬರ್ದವ್ರೆ ಅಂತ ಇಬ್ರಿಗೂ ಗೊತ್ತಿಲ್ಲ. ಮಗನಾದ್ರೂ ಓದಿ ಸೈನ್ ಹಾಕೋನಾಗ್ಲಿ ಅಂತಿತ್ತು ನಂಗೆ."

ಆ ಮಾತು ಬಸ್ಸಿನುದ್ದಕ್ಕೂ ಅವಳ ಜತೆ ಬಂತು.

ಮುಂದಿನ ಸಲ ಹೋದಾಗ ಅವಳ ಚೀಲದಲ್ಲಿ ಎರಡು ವಸ್ತುಗಳಿದ್ದವು. ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟುವ ಅರ್ಜಿ. ಇನ್ನೊಂದು, ಇನ್ನೂರು ಪುಟದ ಒಂದು ನೋಟುಬುಕ್ಕು. ತನ್ನ ಕಾಲೇಜಿನ ಪಾಠಗಳನ್ನು ಅವಳು ಅದರಲ್ಲಿ ಸರಳ ಕನ್ನಡದಲ್ಲಿ ಬರೆದಿದ್ದಳು. ಪಕ್ಕದಲ್ಲಿ ಇಂಗ್ಲಿಷ್ ಪದ, ಅದನ್ನು ಹೇಳುವ ರೀತಿ. ಬಿಸಿ ಅಡುಗೆ ಎಷ್ಟು ಡಿಗ್ರಿಗಿಂತ ಕೆಳಗಿಳಿಯಬಾರದು, ಕಾರ್ಯಕ್ರಮದ ಹಾಳೆ ಬರೆಯುವುದು ಹೇಗೆ, ಬೆಂಕಿ ಬಿದ್ದರೆ ಜನರನ್ನು ಯಾವ ದಿಕ್ಕಿಗೆ ಕಳಿಸಬೇಕು. ಉದಾಹರಣೆ ಬೇಕಾದಲ್ಲೆಲ್ಲ ಅವನ ಹುಲ್ಲುಹಾಸನ್ನೇ ಬಳಸಿದ್ದಳು.

ಎರಡು ಮೂರು ತಿಂಗಳಿಗೊಂದು ಅಂಥ ಪುಸ್ತಕ ಬರೆದು ಕೊಟ್ಟುಬಂದಳು. ಪ್ರತಿ ಸಲವೂ ಕೇಳುತ್ತಿದ್ದಳು.

"ಏನಾದ್ರೂ ಹೇಳಿದ್ರಾ?"

"ಇಲ್ಲ ಕಣವ್ವ. ತಗಂಡ್ ಹೋಯ್ತಾನೆ. ಮುಂದಿನ್ ಸಲ ಬಂದಾಗ ತಂದು ರಾಗಿ ಡಬ್ಬದ ಮೇಲೆ ಇಡ್ತಾನೆ."

ಒಂದು ಸಲ ಹೊರಡುವಾಗ ಪಾಪಕ್ಕ ಅವಳ ಕೈ ಹಿಡಿದು, ಆ ಬೆರಳುಗಳನ್ನು ಸುಮ್ಮನೆ ಒತ್ತುತ್ತ ಕೂತರು. ಬರೆದೂ ಬರೆದೂ ಗಂಟುಕಟ್ಟಿದ ನಡುಬೆರಳನ್ನು ಸವರಿದರು.

ಎಂಟು ಪುಸ್ತಕ ಮುಗಿಯಿತು. ಎರಡು ವರ್ಷ ಕಳೆಯಿತು. ಮೂರನೆಯ ವರ್ಷದ ಕಾರ್ತಿಕದಲ್ಲಿ ಒಂಬತ್ತನೆಯದನ್ನು ಹಿಡಿದು ಹೋದಾಗ ಮನೆಗೆ ಬೀಗ ಬಿದ್ದಿತ್ತು. ಅಂಗಳದಲ್ಲಿ ಹಸು ಇರಲಿಲ್ಲ. ಪಕ್ಕದ ಮನೆಯ ನರಸಮ್ಮ ಒನೆಯುತ್ತಿದ್ದ ಮೊರ ಕೆಳಗಿಟ್ಟು ಎದ್ದು ಬಂದರು.

"ಪಾಪಕ್ಕ ಹೋಗಿ ತಿಂಗಳಾಗ್ತಾ ಬಂತು ತಾಯಿ," ಎಂದರು. "ಎದೆ ನೋವು ಅಂದ್ಲು, ನೀರು ಕುಡುದ್ಲು, ಅಷ್ಟೇಯ. ಮಗ ಬಂದು ಕಾರ್ಯ ಮುಗಿಸ್ಕಂಡು ಬೀಗ ಹಾಕ್ಕಂಡ್ ಹೋದ."

ತನಗೆ ತಿಳಿಸಬೇಕೆಂದು ಅವನಿಗೆ ಅನ್ನಿಸಲೇ ಇಲ್ಲವೇ... ಯಾಕೆ ಅನ್ನಿಸಬೇಕು, ನಾನು ಯಾರು?

ಒಂಬತ್ತನೇ ಪುಸ್ತಕವನ್ನು ನರಸಮ್ಮನ ಕೈಗಿಟ್ಟು, ಪಾಪಕ್ಕನ ಜಗಲಿಯ ಮೇಲೆ ಚಾಪೆಯಿಲ್ಲದೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಬಸ್ಸು ಹತ್ತಿದಳು. ಹತ್ತನೇ ಪುಸ್ತಕ ಬರೆಯಲಿಲ್ಲ.

ಮನೆಯಲ್ಲಿ ಅಮ್ಮ ನಾಗಲಕ್ಷ್ಮಮ್ಮ ಗಂಡು ನೋಡೋಣ ಎಂದು ಕೇಳುತ್ತಲೇ ಇದ್ದರು. ಮುಂದಿನ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳು ಆಗಲಿ ಎಂದುಬಿಟ್ಟಳು. ಬೇಡ ಎನ್ನಲು ಕಾರಣಗಳು ಮುಗಿದಿದ್ದವು.

*

ಗಂಡಿನ ಕಡೆಯವರು ಶುಕ್ರವಾರ ಬರುವವರಿದ್ದರು. ಅದರ ಹಿಂದಿನ ಮಂಗಳವಾರ ಧನುಶ್ರೀಗೆ ವಾರದ ರಜೆ.

ನಾಲ್ಕೂ ಮಗ್ಗ ಓಡುತ್ತಿದ್ದವು. ಅಪ್ಪ ಒಳಗಿನ ಮಗ್ಗದ ಮುಂದೆ ನಿಂತಿದ್ದರು. ಅವಳು ಬಾಗಿಲ ಬಳಿಯ ಮಗ್ಗದಲ್ಲಿ ಹರಿದ ಎಳೆ ಹುಡುಕುತ್ತಿದ್ದಳು. ನೆಲದ ಮೇಲೆ ಯಾರದೋ ನೆರಳು ಬಿತ್ತು. ತಲೆ ಎತ್ತಿದಳು.

ಹೊಸ್ತಿಲ ಹೊರಗೆ ಮುನಿಕೃಷ್ಣ.

ಸೊರಗಿದ್ದ. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಕೈಯಲ್ಲೊಂದು ಬಟ್ಟೆ ಚೀಲ. ಬಾಯಿ ತೆರೆದು ಏನೋ ಹೇಳಿದ. ಮಗ್ಗದ ಸದ್ದಿನಲ್ಲಿ ಅದು ಅವಳನ್ನು ಮುಟ್ಟಲಿಲ್ಲ. ಅವನೇ ಅರ್ಥ ಮಾಡಿಕೊಂಡು ಬಾಯಿ ಮುಚ್ಚಿದ. ಚೀಲದಿಂದ ಒಂದೊಂದಾಗಿ ತೆಗೆದು ಅವಳ ಕೈಗೆ ಕೊಡತೊಡಗಿದ.

ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಎರಡು ಸಲ ಇಂಗ್ಲಿಷಿನಲ್ಲಿ ಹೋಗಿ, ಮೂರನೇ ಸಲಕ್ಕೆ ಮೂವತ್ತೇಳು ಬಂದಿತ್ತು. ಪಾಸ್.

ನಂತರ ಹೋಟೆಲ್ ಕೆಲಸದ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದ ಪತ್ರ. ಹತ್ತನೇ ಕ್ಲಾಸು ಪಾಸಾದವರಿಗೆ ಇರುವ ಕೋರ್ಸು. ದೇವನಹಳ್ಳಿಯ ಹೋಟೆಲೊಂದರಲ್ಲಿ ಟ್ರೈನಿಂಗ್ ಮಾಡುತ್ತಿದ್ದಾನೆ. ಮೂವತ್ತನಾಲ್ಕರ ವಯಸ್ಸಿನಲ್ಲಿ ಟ್ರೈನಿ.

ಆಮೇಲೆ ನೋಟುಬುಕ್ಕುಗಳು. ಅವಳ ಒಂಬತ್ತು ನೋಟುಬುಕ್ಕುಗಳೂ ಅಲ್ಲಿದ್ದವು. ಅಂಚು ಸವೆದಿತ್ತು, ಅರಿಶಿನದ ಕಲೆ, ಎಣ್ಣೆಯ ಬೆರಳಚ್ಚು.

ಅವನು ಮೊದಲನೆಯದರ ರಟ್ಟು ತೆರೆದು ತೋರಿಸಿದ. ಒಳಗೆ, ಮೇಲ್ಭಾಗದಲ್ಲಿ, ಪೆನ್ಸಿಲಿನಲ್ಲಿ ಒಂದು ವಕ್ರ ಗೆರೆ. ಎರಡನೆಯದರಲ್ಲಿ ಒಂದು ಅಕ್ಷರದಂಥದ್ದು. ಪಾ. ಐದನೆಯದರಲ್ಲಿ ಎರಡಕ್ಷರ. ಎಂಟನೆಯದರಲ್ಲಿ, ನಡುಗುತ್ತ, ಸಾಲು ಬಿಟ್ಟು ಕೆಳಗಿಳಿದು, ಪೂರ್ತಿ ಹೆಸರು.

ಪಾಪಕ್ಕ.

ಹೆಬ್ಬೆಟ್ಟು ಒತ್ತಿದ್ದ ಕೈ ಪುಸ್ತಕದಿಂದ ಪುಸ್ತಕಕ್ಕೆ ಕಲಿತ ಸಹಿ. ಒಂಬತ್ತನೆಯದು ಖಾಲಿ.

ಧನುಶ್ರೀ ಆ ಖಾಲಿ ಹಾಳೆಯ ಮೇಲೆ ಅಂಗೈ ಇಟ್ಟಳು. ತಡೆದು ತಡೆದು ಇಟ್ಟುಕೊಂಡಿದ್ದೆಲ್ಲ ಒಡೆಯಿತು. ಮಗ್ಗಗಳ ನಡುವೆ ಅವಳು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಅವನು ಎರಡು ಕೈ ಎತ್ತಿದ. ತೋರುಬೆರಳುಗಳನ್ನು ಕೂಡಿಸಿ, ನಿಧಾನವಾಗಿ ಎಳೆದ. ಎಳೆ ಹರಿದಿದೆ. ತನ್ನ ಎದೆ ಮುಟ್ಟಿಕೊಂಡ. ಹರಿದವನು ನಾನು. ಆಮೇಲೆ, ಕೇಳುವವನಂತೆ ಹುಬ್ಬೆತ್ತಿ, ಹೆಬ್ಬೆರಳಿಗೆ ತೋರುಬೆರಳು ಹೊಸೆದ.

ಅವಳು ಉತ್ತರ ಕೊಡುವ ಮೊದಲೇ ಒಳಗಿನ ಮಗ್ಗ ನಿಂತಿತು.

ಎರಡನೆಯದು ನಿಂತಿತು. ಮೂರನೆಯದು. ರಾಮಲಿಂಗಯ್ಯ ಒಂದೊಂದೇ ಸ್ವಿಚ್ಚು ಆರಿಸುತ್ತ ಬಾಗಿಲ ಬಳಿ ಬಂದು ನಾಲ್ಕನೆಯದನ್ನೂ ನಿಲ್ಲಿಸಿದರು. ಹಗಲು ಹೊತ್ತಿನಲ್ಲಿ ಆ ಮನೆಯಲ್ಲಿ ಅಂಥ ನಿಶ್ಶಬ್ದವನ್ನು ಧನುಶ್ರೀ ಕೇಳಿರಲೇ ಇಲ್ಲ. ಆಗ ಅವಳಿಗೆ ಹೊಳೆಯಿತು. ಇದು ಅಪ್ಪನಿಗೆ ಗೊತ್ತಿರುವ ಮಾತು. ಅಪ್ಪ ಕಲಿಸಿದ ಮಾತು.

"ಇದು ಮಗ್ಗದ ಮನೆ ಸನ್ನೆ," ಎಂದರು ರಾಮಲಿಂಗಯ್ಯ. ಮಗ್ಗದ ಸದ್ದಿಗೆ ಕಿವಿ ಮಂದವಾದವರು, ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. "ನಿಂಗ್ಯಾರಪ್ಪ ಹೇಳ್ಕೊಟ್ಟಿದ್ದು?"

"ನಿಮ್ಮ ಮಗಳು."

ರಾಮಲಿಂಗಯ್ಯ ಮಗಳ ಮುಖ ನೋಡಿದರು. ಇಷ್ಟು ವರ್ಷ ರಜೆಯ ದಿನಗಳಲ್ಲಿ ಅವಳು ಎಲ್ಲಿಗೆ ಹೋಗುತ್ತಿದ್ದಳು, ಕೂತು ಕೂತು ಏನು ಬರೆಯುತ್ತಿದ್ದಳು, ಒಂದೊಂದೇ ಅವರಿಗೆ ತಿಳಿಯುತ್ತ ಹೋದಂತಿತ್ತು. ಅಂಕಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ದೂರ ಹಿಡಿದು ಓದಿದರು.

"ಎಷ್ಟನೇ ಸಲ?"

"ಮೂರನೇ ಸಲ."

"ನಾನು ಮೊದಲ್ನೇ ಸಲಾನೇ ಬಿಟ್ಬಿಟ್ಟೆ," ಎಂದರು. ಅಂಕಪಟ್ಟಿ ಮಡಚದೆ, ಜೋಪಾನವಾಗಿ ಹಿಂದಕ್ಕೆ ಕೊಟ್ಟರು. "ಕೆಚ್ಚಿದ ಕಡೆ ಗಂಟು ಉಳಿಯತ್ತೆ ನೋಡಪ್ಪಾ. ಎಷ್ಟು ಚೆನ್ನಾಗ್ ಕೆಚ್ಚಿದ್ರೂ, ಸೀರೆ ಮೇಲೆ ಕೈಯಾಡಿಸಿದೋರಿಗೆ ಗೊತ್ತಾಗತ್ತೆ."

"ಉಳೀಲಿ ಬಿಡಿ," ಎಂದ ಮುನಿಕೃಷ್ಣ.

ರಾಮಲಿಂಗಯ್ಯ ಒಳಕ್ಕೆ ಹೋಗುತ್ತ ಹೆಂಡತಿಯನ್ನು ಕೂಗಿ ಕಾಫಿಗಿಡಲು ಹೇಳಿದರು. ಶುಕ್ರವಾರದವರಿಗೆ ಏನು ಹೇಳುವುದೆಂದು ಕೂತು ಯೋಚಿಸಬೇಕು ಎನ್ನುತ್ತಿದ್ದದ್ದೂ ಕೇಳಿಸಿತು. ಮಗ್ಗಗಳನ್ನು ಮತ್ತೆ ಓಡಿಸಲಿಲ್ಲ.

ಇಬ್ಬರೇ ಉಳಿದರು. ಮಾತಾಡಲು ಈಗ ಅಡ್ಡಿಯಿರಲಿಲ್ಲ.

"ಅಮ್ಮ ಹೋದಾಗಲಾದ್ರೂ ಹೇಳ್ಕಳಿಸ್ಬಾರ್ದಿತ್ತಾ?" ಎಂದಳು ಧನುಶ್ರೀ.

"ಏನಂತ ಹೇಳ್ಕಳಿಸ್ಲಿ. ಎರಡನೇ ಸಲಾನೂ ಫೇಲಾಗಿದ್ದೆ." ಅವನ ಕಣ್ಣು ನೆಲದ ಮೇಲಿತ್ತು. "ನೀನು ಆ ಪೋಸ್ಟಿಗೋಸ್ಕರ ಬರ್ದೆ ಅಂದ್ಕೊಂಡಿದ್ದೆ. ಮೊದಲ್ನೇ ಪುಸ್ತಕ ಓದ್ದಾಗಲೇ ಅಲ್ಲ ಅಂತ ಗೊತ್ತಾಯ್ತು. ಗೊತ್ತಾದ್ಮೇಲೆ ಬರೋಕೆ ಇನ್ನೂ ನಾಚ್ಕೆ ಆಯ್ತು... ಮನೆಗೆ ಹೋದಾಗೆಲ್ಲ ಅವ್ವ ಬೈಯ್ಯೋಳು. ಪಾಸಾಗಿ ಹೋಗ್ತೀನಿ ಅಂತಿದ್ದೆ. ಅವ್ಳು ಕಾಯ್ಲಿಲ್ಲ."

ಅವಳು ಅವನ ಕೈ ಹಿಡಿದಳು. ಒಲೆಯ ಬೆಂಕಿಗೆ ಒರಟಾದ ಕೈ, ಪೆನ್ನು ಹಿಡಿದ ಬೆರಳಲ್ಲಿ ಒಂದು ಹೊಸ ಗಂಟು. ಪಾಪಕ್ಕ ತನ್ನ ಬೆರಳನ್ನು ಸವರಿದಂತೆ ಅವಳೂ ಅದನ್ನು ಸವರಿದಳು.

ಅವನು ಚೀಲದಿಂದ ಕೊನೆಯದನ್ನು ತೆಗೆದ. ಪಿನ್ನು ಹೊಡೆದ ಹಾಳೆಗಳ ಕಟ್ಟು. ಅವನ ಟ್ರೈನಿಂಗ್ ರಿಪೋರ್ಟು.

"ನಂದ್ರಲ್ಲೂ ಹನ್ನೆರಡನೇ ಪುಟ ಐತೆ," ಎಂದ.

ಅವಳು ತೆರೆದಳು. ದುಂಡಗಿನ, ಶಾಲೆಯ ಹುಡುಗನಂಥ ಅಕ್ಷರ. ಎರಡು ಕಡೆ ಹೊಡೆದು ತಿದ್ದಿದ್ದ. ಓದತೊಡಗಿದಳು.

"ನನ್ನ ಶಾಲೆ ಎಲ್ಲಿ ನಿಂತಿತ್ತೆಂದು ಒಬ್ಬರು ಬರೆದರು. ನಿಂತ ಜಾಗದಿಂದ ಮುಂದಕ್ಕೆ ಕೈ ಹಿಡಿದು ನಡೆಸಿದವರೂ ಅವರೇ. ಅವರ ಹೆಸರು..."

ಅಲ್ಲಿಗೆ ಸಾಲು ನಿಂತಿತ್ತು. ಮುಂದೆ ಒಂದು ಹೆಸರು ಹಿಡಿಯುವಷ್ಟು ಜಾಗ ಬಿಟ್ಟಿದ್ದ.

"ಹೆಸರು ಬರೆದೇ ಇಲ್ವಲ್ಲ," ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಕೇಳ್ದೆ ಬರೀಬಾರ್ದು ಅನ್ನಿಸ್ತು."

ಮೂರು ವರ್ಷದಿಂದ ಹೇಳಬೇಕೆಂದಿದ್ದ ಮಾತು, ಒಂಬತ್ತು ಪುಸ್ತಕದಲ್ಲೂ ಬರೆಯಲಾಗದೆ ಉಳಿದಿದ್ದ ಮಾತು, ಈಗ ತಾನಾಗಿ ಬಂತು.

"ನಾನೂ ಕೇಳ್ಬೇಕಾಗಿತ್ತು."

"ಹೂಂ."

ಅವನು ಜೇಬಿನಿಂದ ಪೆನ್ನು ತೆಗೆದ. ಕ್ಯಾಪು ಬಿಚ್ಚಿ ಹಿಡಿದು ಕಾದ.

"ಬರ್ಕೊಳ್ಲಾ?"

"ಬರ್ಕೊಳ್ಳಿ," ಎಂದಳು ಧನುಶ್ರೀ.